ಹಳೆಯ ಕಬ್ಬಿಣದ ಕೀಸುಳಿಯನ್ನು ನಿಮ್ಮ ಕೈಗೆ ಒಗ್ಗಿಸಿಕೊಳ್ಳುವುದು ಹೇಗೆ? ಹಿಡಿ, ಗುಬುಟು, ಅಂಚು ತಿದ್ದುವ ಸಮಗ್ರ ಮಾರ್ಗದರ್ಶಿ

ಗುಜರಿ ಅಂಗಡಿಯಲ್ಲೋ ಅಜ್ಜನ ಹತ್ಯಾರಿನ ಪೆಟ್ಟಿಗೆಯಲ್ಲೋ ಹಳೆಯ ಸ್ಟ್ಯಾನ್ಲಿ ಅಥವಾ ರೆಕಾರ್ಡ್ ಹೆಸರಿನ ಕೀಸುಳಿ (ಮರ ಕೀಸಿ ಸಪಾಟು ಮಾಡುವ ಹತ್ಯಾರು) ಸಿಕ್ಕಿದವರು ಮೊದಲು ತುಕ್ಕು ತೆಗೆಯುತ್ತಾರೆ. ಆಮೇಲೆ ಅಲಗು ಮಸೆಯುತ್ತಾರೆ. ಕೆಲಸ ಮುಗಿಯಿತು ಅಂದುಕೊಂಡು ಒಂದು ಬಾಗಿಲಿನ ಹಲಗೆ ಕೀಸಲು ಶುರುಮಾಡಿದರೆ ಹತ್ತೇ ನಿಮಿಷಕ್ಕೆ ಹೆಬ್ಬೆರಳಿನ ಸಂದಿನಲ್ಲಿ ಉರಿ, ಕಿರುಬೆರಳಿನ ಬುಡದಲ್ಲಿ ನೋವು. "ಹಳೇ ಸಾಮಾನು, ಇಷ್ಟೇ" ಅಂತ ಸಹಿಸಿಕೊಂಡು ಹೋಗುತ್ತಾರೆ.

ಸಹಿಸಬೇಕಾಗಿಲ್ಲ. ಕಾರ್ಖಾನೆಯವರು ಆ ಹಿಡಿಯನ್ನು ಒಂದೇ ಅಳತೆಯಲ್ಲಿ ಸಾವಿರಗಟ್ಟಲೆ ಮಾಡಿದ್ದಾರೆ. ನಿಮ್ಮ ಅಂಗೈ ಅವರ ಅಳತೆಯಲ್ಲಿ ಇಲ್ಲ, ಅಷ್ಟೇ. ಎರಡು ನಟ್ಟು ಬಿಚ್ಚಿದರೆ ಹಿಂದಿನ ಹಿಡಿಯೂ ಮುಂದಿನ ದುಂಡು ಗುಬುಟೂ ಕೈಗೆ ಬರುತ್ತವೆ. ಒಂದು ಅರ, ಸ್ವಲ್ಪ ಸ್ಯಾಂಡ್‌ಪೇಪರ್, ಒಂದು ಭಾನುವಾರದ ಮಧ್ಯಾಹ್ನ ಸಾಕು. ಕಬ್ಬಿಣಕ್ಕೆ ಆದಷ್ಟು ಕಡಿಮೆ ಕೈ ಹಾಕಿ, ಮರವನ್ನು ಧೈರ್ಯವಾಗಿ ತಿದ್ದಿ. ನನ್ನ ಪೂರ್ತಿ ಸಲಹೆ ಇದೇ. ಉಳಿದದ್ದೆಲ್ಲ ವಿವರ.

ಯಾವ ಕೀಸುಳಿ?

ಇಲ್ಲಿ ನಾನು ಹೇಳುತ್ತಿರುವುದು ಬೈಲಿ ಮಾದರಿಯ ಕೀಸುಳಿಗಳ ಬಗ್ಗೆ. ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ ಈ ವಿನ್ಯಾಸದ ಪೇಟೆಂಟುಗಳನ್ನು ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರೆಕಾರ್ಡ್ ಹೆಸರಿನ ಕೀಸುಳಿಗಳು 1930ರ ದಶಕದ ಆರಂಭದಲ್ಲಿ ಬಂದವು. ಭಾರತದಲ್ಲಿ ತಯಾರಾದವುಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ಎರಕದ ಕಬ್ಬಿಣದ ಮೈ, 45 ಡಿಗ್ರಿ ಓರೆಯಲ್ಲಿ ಕೂರುವ ಅಲಗು, ಹಿಂದೆ ಕೊಂಬಿನಂಥ ತುದಿಯ ಹಿಡಿ, ಮುಂದೆ ದುಂಡನೆಯ ಗುಬುಟು. ನಮ್ಮಲ್ಲಿ ಜಾಸ್ತಿ ಸಿಗುವುದು 4ನೇ ನಂಬರ್ ಮತ್ತು 5ನೇ ನಂಬರ್. ಎರಡಕ್ಕೂ 2 ಇಂಚಿನ ಅಲಗು. 4ನೆಯದು ಸುಮಾರು 9 ಇಂಚು ಉದ್ದ, 1.7 ಕೆ.ಜಿ. ತೂಕ. 5ನೆಯದು 14 ಇಂಚು ಉದ್ದ, 2 ಕೆ.ಜಿ.ಗೆ ಸ್ವಲ್ಪ ಮೇಲೆ.

ಹಿಡಿಯ ಮರ ನೋಡಿದರೆ ಕಾಲ ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ. ಹಳೆಯ ಸ್ಟ್ಯಾನ್ಲಿಗಳಿಗೆ ಬ್ರೆಜಿಲ್‌ನ ಬೀಟೆ ಜಾತಿಯ ಮರ ಹಾಕುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಬಣ್ಣ ಬಳಿದ ಸಾಧಾರಣ ಗಟ್ಟಿಮರ ಬಂತು, ಮುಂದೆ ಪ್ಲಾಸ್ಟಿಕ್ಕೂ ಬಂತು. ಹಳೆಯ ಹಿಡಿಗಳ ಅಂಚನ್ನು ಚೆನ್ನಾಗಿ ಉರುಟು ಮಾಡಿರುತ್ತಿದ್ದರು. ಆಮೇಲಿನವುಗಳ ಪಕ್ಕಗಳು ಚಪ್ಪಟೆ, ಮೂಲೆಗಳು ಯಂತ್ರ ಬಿಟ್ಟ ಹಾಗೇ ಇರುತ್ತವೆ. ಕೈಗೆ ಜಾಸ್ತಿ ಕಾಟ ಕೊಡುವುದು ಇವೇ.

ಎಲ್ಲ ಹಳೆಯ ಕೀಸುಳಿಗಳಿಗೂ ಅರ ಹಚ್ಚಬೇಡಿ. 1ನೇ ನಂಬರಿನ ಪುಟ್ಟ ಸ್ಟ್ಯಾನ್ಲಿ, ಬೈಲಿಯವರ ಸ್ವಂತ ಕಾಲದ ಕೀಸುಳಿ, ಸ್ಕಾಟ್ಲೆಂಡಿನ ಸ್ಪಿಯರ್ಸ್ ಅಥವಾ ಲಂಡನ್ನಿನ ನಾರಿಸ್ ಹೆಸರಿನ, ಲೋಹದ ಪೆಟ್ಟಿಗೆಯೊಳಗೆ ಮರ ತುಂಬಿದ ಕೀಸುಳಿ ಸಿಕ್ಕರೆ ಎಣ್ಣೆ ಒರೆಸಿ ಹಾಗೇ ಇಡಿ. ಅವು ಅಪರೂಪ. 4 ಮತ್ತು 5ನೆಯ ನಂಬರ್ ಲಕ್ಷಗಟ್ಟಲೆ ತಯಾರಾಗಿವೆ, ಸಂಕೋಚ ಬೇಡ. ಆದರೂ ಮೂಲ ಹಿಡಿ ಸರಿಯಾಗಿದ್ದರೆ ಅದನ್ನು ಎತ್ತಿಟ್ಟು, ಹೊಸದೊಂದು ಮಾಡಿ ಅದನ್ನೇ ತಿದ್ದುವುದು ಇನ್ನೂ ಒಳ್ಳೆಯದು.

ಮೊದಲು ನೋವು ಎಲ್ಲಿ ಅಂತ ಹುಡುಕಿ

ಹಿಡಿಯ ಮೇಲೆ ಸೀಮೆಸುಣ್ಣವನ್ನು ದಟ್ಟವಾಗಿ ಉಜ್ಜಿ. ಗುಬುಟಿಗೂ ಉಜ್ಜಿ. ಒಂದು ಹಲಗೆಯನ್ನು ಎಂದಿನ ಹಾಗೆ ಐದು ನಿಮಿಷ ಕೀಸಿ. ಬೇಕಂತಲೇ ಹುಷಾರಾಗಿ ಹಿಡಿಯಬೇಡಿ, ಅಭ್ಯಾಸದಂತೆ ಹಿಡಿಯಿರಿ. ಆಮೇಲೆ ಬೆಳಕಿನಲ್ಲಿ ನೋಡಿ. ಸುಣ್ಣ ಪೂರ್ತಿ ಅಳಿಸಿ ಮರ ಹೊಳೆಯುತ್ತಿರುವ ಜಾಗದಲ್ಲಿ ಒತ್ತಡ ಜಾಸ್ತಿ. ಸುಣ್ಣ ಹಾಗೇ ಉಳಿದ ಜಾಗವನ್ನು ಕೈ ಮುಟ್ಟಿಯೇ ಇಲ್ಲ. ಕೈಗೆ ಒಗ್ಗಿದ ಹಿಡಿಯಲ್ಲಿ ಸುಣ್ಣ ಅಲ್ಲಲ್ಲಿ ತೆಳುವಾಗಿ, ಸಮನಾಗಿ ಅಳಿಸಿರುತ್ತದೆ. ಒಗ್ಗದ ಹಿಡಿಯಲ್ಲಿ ಎರಡು ಗೆರೆ, ಒಂದು ಚುಕ್ಕೆ ಮಾತ್ರ ಅಳಿಸಿರುತ್ತದೆ. ಆ ಗೆರೆಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಿ. ಅರ ಓಡಬೇಕಾದ್ದು ಅಲ್ಲಿ.

ಸಾಮಾನ್ಯವಾಗಿ ಕಾಣುವುದು ಇಷ್ಟು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಉರಿದರೆ ಕೊಂಬಿನ ಕೆಳಗಿನ ತಿರುವು ಚೂಪಾಗಿದೆ. ಕಿರುಬೆರಳು ನೋಯುತ್ತಿದ್ದರೆ ಹಿಡಿ ನಿಮ್ಮ ಕೈಗೆ ಗಿಡ್ಡ, ಅಥವಾ ನೀವು ನಾಲ್ಕೂ ಬೆರಳು ಒಳಗೆ ತುರುಕುತ್ತಿದ್ದೀರಿ. ಈ ಹಿಡಿ ಮೂರು ಬೆರಳಿಗೆ ಮಾಡಿದ್ದು. ತೋರುಬೆರಳು ಹೊರಗೆ, ಅಲಗಿನ ಪಕ್ಕಕ್ಕೆ ಮುಂದೆ ಚಾಚಿರಬೇಕು. ಎಷ್ಟೋ ಜನರ ನೋವು ಈ ಒಂದು ಬದಲಾವಣೆಗೇ ಹೋಗುತ್ತದೆ. ಕೈಮಣಿಕಟ್ಟು ನೋಯುತ್ತಿದ್ದರೆ ತಪ್ಪು ಹಿಡಿಯದ್ದಲ್ಲ, ಮೇಜಿನ ಎತ್ತರದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಒತ್ತುವ ಬಲ ಕಡಿಮೆ ಮಾಡಿ

ಹಿಡಿ ಎಷ್ಟು ಚೆನ್ನಾಗಿದ್ದರೂ ಮೊಂಡು ಅಲಗನ್ನು ತಳ್ಳಿದರೆ ಕೈ ನೋಯುತ್ತದೆ. ಆದ್ದರಿಂದ ಮರಕ್ಕೆ ಕೈ ಹಾಕುವ ಮುಂಚೆ ಎರಡು ಕೆಲಸ ಮುಗಿಸಿ.

ಒಂದು, ಮಸೆಯುವುದು. ಅಲಗಿನ ಓರೆ 25 ಡಿಗ್ರಿ ಇದ್ದು, ಬಾಯಿಯಲ್ಲಿ ಇನ್ನೊಂದೆರಡು ಮೂರು ಡಿಗ್ರಿ ಜಾಸ್ತಿ ಇದ್ದರೆ ಸಾಕು. ಓರೆಯ ಬದಿಗಿಂತ ಹಿಂಬದಿ ಮುಖ್ಯ. ತುದಿಯ ಅರ್ಧ ಇಂಚಾದರೂ ಕನ್ನಡಿಯ ಹಾಗೆ ಸಪಾಟಾಗಬೇಕು. ಹಳೆಯ ಅಲಗಿನ ಹಿಂಬದಿಯಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅವು ಬಾಯಿಯವರೆಗೆ ಬಂದಿದ್ದರೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಆಗ ಗುಳಿ ದಾಟುವವರೆಗೂ ತುದಿಯನ್ನು ಸವೆಸಿ ಹೊಸ ಓರೆ ಕೊಡಬೇಕು.

ಎರಡು, ತಳಕ್ಕೆ ಮೇಣ. ಮನೆಯಲ್ಲಿರುವ ಬಿಳಿ ಮೇಣದ ಬತ್ತಿಯಿಂದ ತಳದ ಮೇಲೆ ಅಂಕುಡೊಂಕಾಗಿ ಎರಡು ಗೆರೆ ಎಳೆಯಿರಿ, ಅಷ್ಟೇ. ಕೀಸುಳಿ ಹಗುರಾಗಿ ಓಡುವುದು ಮೊದಲ ತಳ್ಳಿಗೇ ಗೊತ್ತಾಗುತ್ತದೆ. ತೇಗದಂಥ ಎಣ್ಣೆಯಂಶದ ಮರಕ್ಕಿಂತ ಹಲಸು, ಹೊನ್ನೆ ಕೀಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಕೆಲಸದ ನಡುವೆ ಭಾರ ಅನಿಸಿದಾಗಲೆಲ್ಲ ಮತ್ತೆ ಎಳೆಯಿರಿ. ಬತ್ತಿಯ ತುಂಡು ಸದಾ ಮೇಜಿನ ಮೇಲೆ ಇರಲಿ.

ಇದರ ಜೊತೆಗೆ ಅಲಗಿನ ಮೇಲೆ ಕೂರುವ ಲಿವರ್ ಕ್ಯಾಪಿನ ತಿರುಪು ನೋಡಿ. ತುಂಬಾ ಬಿಗಿ ಇದ್ದರೆ ಅಲಗನ್ನು ಏರಿಸಿ ಇಳಿಸುವ ಹಿಂದಿನ ಹಿತ್ತಾಳೆ ಚಕ್ರ ತಿರುಗಿಸುವಾಗ ಬೆರಳು ಸೋಲುತ್ತದೆ. ಅಲಗು ಅಲುಗಾಡದೆ, ಚಕ್ರ ಬರಿಬೆರಳಲ್ಲಿ ತಿರುಗುವಷ್ಟು ಬಿಗಿ ಸಾಕು. ಚಕ್ರದ ಹುರಿಗೆ (ತಿರುಪಿನ ಸುತ್ತುಗೆರೆಗೆ) ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಹಾಕಿ.

ಕಬ್ಬಿಣದ ಅಂಚುಗಳು

ಇಲ್ಲಿ ಕೆಲಸ ಕಡಿಮೆ, ಲಾಭ ಜಾಸ್ತಿ. ಕೀಸುಳಿಯ ಎರಡೂ ಪಕ್ಕದ ಗೋಡೆಗಳ ಮೇಲಂಚು, ಹಿಂಬದಿಯ ಮೂಲೆಗಳು, ಅಲಗಿನ ಉದ್ದದ ಎರಡು ಅಂಚುಗಳು, ಇವುಗಳ ಮೇಲೆ ಬೆರಳನ್ನು ನಿಧಾನವಾಗಿ ಸವರಿ. ಚರ್ಮ ಎಲ್ಲಿ ಹಿಡಿದುಕೊಳ್ಳುತ್ತದೋ ಅಲ್ಲಿ ಸಣ್ಣ ಹಲ್ಲಿನ ಅರವನ್ನು 45 ಡಿಗ್ರಿಯಲ್ಲಿ ಎರಡು ಮೂರು ಸಲ ಎಳೆಯಿರಿ. ಅರ್ಧ ಮಿಲಿಮೀಟರ್ ಹೋದರೆ ಸಾಕು. ಆಮೇಲೆ 240 ನಂಬರಿನ ಸ್ಯಾಂಡ್‌ಪೇಪರಿನಿಂದ ನುಣುಪು ಮಾಡಿ.

ತೋರುಬೆರಳು ತಾಗುವುದು ಅಲಗಿನ ಪಕ್ಕಕ್ಕೇ ತಾನೇ? ಹಾಗಾಗಿ ಅಲಗಿನ ಅಂಚನ್ನು ಮರೆಯಬೇಡಿ. ಹೊಸದಾಗಿ ಕೊಂಡ ಬದಲಿ ಅಲಗುಗಳ ಪಕ್ಕ ಚಾಕುವಿನಷ್ಟು ಚೂಪಾಗಿರುತ್ತದೆ. ಬಾಯಿಯ ಕಡೆಯ 1 ಇಂಚು ಬಿಟ್ಟು ಮೇಲಿನ ಭಾಗವನ್ನಷ್ಟೇ ಉಜ್ಜಿ.

ತಳದ ಅಂಚುಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಮುಂದಿನ ಮತ್ತು ಹಿಂದಿನ ತುದಿಯನ್ನು ಸ್ವಲ್ಪ ಉರುಟು ಮಾಡಿದರೆ ಹಲಗೆಯ ತುದಿಗೆ ಸಿಕ್ಕಿಕೊಳ್ಳುವುದಿಲ್ಲ. ಉದ್ದದ ಅಂಚುಗಳನ್ನು ಬೆರಳಿಗೆ ಕುಯ್ಯದಷ್ಟು ಮಾತ್ರ ಸವರಿ. ಕೀಸುಳಿಯನ್ನು ಪಕ್ಕಕ್ಕೆ ಮಲಗಿಸಿ ಹಲಗೆಯ ತುದಿ ಸಪಾಟು ಮಾಡುವ ರೂಢಿ ನಿಮಗಿದ್ದರೆ ಪಕ್ಕದ ಗೋಡೆ ಮತ್ತು ತಳದ ನಡುವಿನ ಮೂಲೆಮಟ್ಟ ಕೆಡಬಾರದು. ಇನ್ನೊಂದು ಮಾತು: ಇದು ಎರಕದ ಕಬ್ಬಿಣ. ಸುತ್ತಿಗೆಯ ಪೆಟ್ಟು ತಡೆಯುವುದಿಲ್ಲ, ಕೈಜಾರಿ ಸಿಮೆಂಟಿನ ನೆಲಕ್ಕೆ ಬಿದ್ದರೆ ಗೋಡೆಯೇ ಸೀಳಬಹುದು. ವೈಸಿಗೆ ಕಟ್ಟುವಾಗ ಎರಡೂ ಕಡೆ ಮರದ ತುಂಡು ಇಟ್ಟು ಹಗುರಾಗಿ ಬಿಗಿಯಿರಿ.

ಅಲುಗಾಡುವ ಹಿಡಿ

ಅಲುಗಾಡುವ ಹಿಡಿಯಷ್ಟು ಕೈಗೆ ಕೆಟ್ಟದ್ದು ಇನ್ನೊಂದಿಲ್ಲ. ಪ್ರತಿ ತಳ್ಳಿಗೂ ಅದು ಕೂದಲೆಳೆಯಷ್ಟು ಸರಿದು ಚರ್ಮವನ್ನು ಉಜ್ಜುತ್ತದೆ. ಬೊಬ್ಬೆ ಬರುವುದು ಹೀಗೆ. ಹಿಡಿ ಮುರಿಯುವುದೂ ಹೀಗೇ.

ಹಿಡಿಯ ಒಳಗೆ ಒಂದು ಉದ್ದನೆಯ ಉಕ್ಕಿನ ಸರಳು ಇದೆ. ಅದರ ಕೆಳತುದಿ ಮೈಗೆ, ಮೇಲ್ತುದಿ ಹಿತ್ತಾಳೆಯ ನಟ್ಟಿಗೆ. 5ನೇ ನಂಬರ್ ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಹಿಡಿಯ ಬುಡದ ಮುಂದೆ ಇನ್ನೊಂದು ಸಣ್ಣ ತಿರುಪೂ ಇರುತ್ತದೆ. ದಶಕಗಳಲ್ಲಿ ಮರ ಒಣಗಿ ಕುಗ್ಗಿರುತ್ತದೆ. ಆಗ ನಟ್ಟು ಮರವನ್ನು ಅದುಮುವ ಮುಂಚೆಯೇ ಸರಳಿನ ತುದಿಗೆ ಬಂದು ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಜನ ಇನ್ನೂ ಬಲ ಹಾಕಿ ನಟ್ಟಿನ ಸೀಳನ್ನು ಕೆಡಿಸುತ್ತಾರೆ.

ಪರಿಹಾರ ಸುಲಭ. ಸರಳನ್ನು ಬಿಚ್ಚಿ, ಮೇಲ್ತುದಿಯಿಂದ ಒಂದೂವರೆ ಎರಡು ಮಿಲಿಮೀಟರ್ ಅರದಿಂದ ಸವೆಸಿ. ಸವೆಸುವ ಮುಂಚೆ ನಟ್ಟನ್ನು ಸರಳಿಗೆ ಪೂರ್ತಿ ಹಾಕಿಟ್ಟುಕೊಳ್ಳುವುದು ಅಸಾಧ್ಯವಾದರೆ, ಸವೆಸಿದ ಮೇಲೆ ತುದಿಯ ಸುತ್ತಲೂ ಅರವನ್ನು ಓರೆಯಾಗಿ ತಿರುಗಿಸಿ. ಹುರಿ ಸ್ವಚ್ಛವಾಗಿ ನಟ್ಟು ಸಲೀಸಾಗಿ ಏರುತ್ತದೆ. ಸರಳು ಮುಟ್ಟಲು ಮನಸ್ಸಿಲ್ಲದಿದ್ದರೆ ನಟ್ಟಿನ ಕೆಳಗೆ ತೆಳುವಾದ ಹಿತ್ತಾಳೆ ವಾಷರ್ ಇಡಿ. ಆಮೇಲೆ ನಟ್ಟನ್ನು ಹಿಡಿ ಅಲ್ಲಾಡದಷ್ಟು ಬಿಗಿಯಿರಿ, ಅದಕ್ಕಿಂತ ಕಾಲು ಸುತ್ತೂ ಜಾಸ್ತಿ ಬೇಡ.

ಈ ತಿರುಪು, ನಟ್ಟುಗಳನ್ನು ಕಳೆದುಕೊಳ್ಳಬೇಡಿ. ಸ್ಟ್ಯಾನ್ಲಿಯ ಹಿಡಿ ಮತ್ತು ಗುಬುಟಿನ ಸರಳಿಗೆ ಇರುವುದು 12 ನಂಬರಿನ ದಪ್ಪಕ್ಕೆ ಇಂಚಿಗೆ 20 ಹುರಿ. ಆ ಅಳತೆಯನ್ನು ಬೇರೆ ಯಾರೂ ಬಳಸುವುದಿಲ್ಲ ಅಂದರೂ ನಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ 6 ಎಂ.ಎಂ. ಬೋಲ್ಟು ಕೂರುವುದಿಲ್ಲ. ಬಲವಂತವಾಗಿ ತುರುಕಿದರೆ ಮೈಯಲ್ಲಿರುವ ಹುರಿಯೇ ಹಾಳು.

ಮುರಿದ ಹಿಡಿ ಅಂಟಿಸುವುದು

ಹಳೆಯ ಹಿಡಿಗಳು ಬುಡದಿಂದ ಒಂದೆರಡು ಇಂಚು ಮೇಲೆ ಅಡ್ಡಡ್ಡ ಸೀಳಿರುತ್ತವೆ. ಮರದ ಎಳೆ ತಳಕ್ಕೆ ಸಮಾನಾಂತರವಾಗಿ ಓಡುವುದರಿಂದ ಸೀಳು ಅದೇ ದಾರಿ ಹಿಡಿಯುತ್ತದೆ. ಹೊಸ ಸೀಳಾದರೆ ಸುಮ್ನೆ ಅಂಟು ಹಾಕಿ ಜೋಡಿಸಿ. ಹಳೆಯದಾದರೆ ಎಣ್ಣೆ, ಜಿಡ್ಡು, ಹಿಂದೆ ಯಾರೋ ಹಾಕಿದ ಅಂಟು ತುಂಬಿಕೊಂಡಿರುತ್ತದೆ. ಅಸಿಟೋನ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಮುರಿದ ಮುಖಕ್ಕೆ ಸ್ಯಾಂಡ್‌ಪೇಪರ್ ಹಚ್ಚಲೇಬೇಡಿ, ಉಜ್ಜಿದರೆ ಎರಡು ತುಂಡು ಮತ್ತೆ ಸರಿಯಾಗಿ ಕೂರುವುದಿಲ್ಲ.

ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ತೆಳುವಾಗಿ ಹಚ್ಚಿ. ಕಟ್ಟಲು ಹಿಡಿಯ ಸ್ವಂತ ಸರಳೇ ಸಾಕು: ಅದಕ್ಕೆ ಮೇಣ ಸವರಿ ತೂರಿಸಿ ನಟ್ಟು ಬಿಗಿಯಿರಿ, ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ. ಮರುದಿನ ಬಿಚ್ಚಿ. ಮೇಣ ಸವರದಿದ್ದರೆ ಸರಳು ಶಾಶ್ವತವಾಗಿ ಒಳಗೇ ಉಳಿಯುತ್ತದೆ.

ಹಿಡಿಗೆ ಆಕಾರ ಕೊಡುವುದು

ಇದೇ ಮುಖ್ಯ ಕೆಲಸ. ಸಮಯ ಕೊಡಿ.

ಹಿಡಿಯನ್ನು ಬಿಚ್ಚಿ ಅದರ ಹಿಂಬದಿ ಮತ್ತು ಮುಂಬದಿಯ ನಟ್ಟನಡುವೆ ಪೆನ್ಸಿಲ್ ಗೆರೆ ಎಳೆಯಿರಿ. ಕೊನೆಯವರೆಗೂ ಈ ಗೆರೆ ಅಳಿಸಬಾರದು. ಎರಡೂ ಪಕ್ಕದಿಂದ ಒಂದೇ ಸಮ ತೆಗೆದಿದ್ದೀರಾ ಅಂತ ಗೊತ್ತಾಗುವುದು ಅದರಿಂದಲೇ. ಈಗ ಗೆರೆಯ ಎರಡೂ ಕಡೆ 6 ಮಿಲಿಮೀಟರ್ ದೂರದಲ್ಲಿ ಇನ್ನೊಂದೊಂದು ಗೆರೆ. ಪಕ್ಕದ ಚಪ್ಪಟೆ ಮುಖದ ಮೇಲೂ ಅಂಚಿನಿಂದ 6 ಮಿಲಿಮೀಟರ್ ಒಳಗೆ ಗೆರೆ. ಈ ಎರಡು ಗೆರೆಗಳ ನಡುವಿನ ಮೂಲೆಯನ್ನು ಅರ್ಧದುಂಡು ಒರಟು ಅರದಿಂದ ಸಪಾಟಾಗಿ ತೆಗೆಯಿರಿ. ಆಗ ಹಿಡಿಯ ಅಡ್ಡಸೀಳು ಎಂಟು ಮೂಲೆಯಾಗುತ್ತದೆ. ಆ ಮೂಲೆಗಳನ್ನು ಮತ್ತೆ ತೆಗೆದರೆ ದುಂಡು ತಾನಾಗಿ ಬರುತ್ತದೆ. ಮೊದಲೇ ದುಂಡು ಮಾಡಲು ಹೊರಟರೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಆಗುವುದು ಖಂಡಿತ.

ಬೇಕಾದ್ದು ಪೂರ್ತಿ ದುಂಡಲ್ಲ, ಮೊಟ್ಟೆಯಾಕಾರ. ಪೂರ್ತಿ ದುಂಡಾದರೆ ಕೀಸುಳಿ ಕೈಯಲ್ಲಿ ತಿರುಗುತ್ತದೆ, ಅದನ್ನು ತಡೆಯಲು ನೀವು ಬಿಗಿ ಹಿಡಿಯುತ್ತೀರಿ, ಬಿಗಿ ಹಿಡಿದಷ್ಟೂ ಕೈ ಬೇಗ ಸೋಲುತ್ತದೆ. ಅಂಗೈಗೆ ತಾಗುವ ಹಿಂಬದಿ ಅಗಲವಾಗಿ, ಬೆರಳು ಸುತ್ತುವ ಮುಂಬದಿ ಸ್ವಲ್ಪ ಕಿರಿದಾಗಿ ಇರಲಿ. ನಡುಭಾಗವನ್ನು ಎಲ್ಲಕ್ಕಿಂತ ತೆಳು ಮಾಡಬಹುದು. ಆದರೆ ಒಳಗೆ ಸರಳಿನ ತೂತು ಇದೆ ಅನ್ನುವುದು ನೆನಪಿರಲಿ. ತೂತಿನ ಎರಡೂ ಕಡೆ 5 ಮಿಲಿಮೀಟರ್ ಮರವಾದರೂ ಉಳಿಯಬೇಕು.

ಇನ್ನು ಕೊಂಬಿನ ಕೆಳಗಿನ ತಿರುವು. ನೀವು ತಳ್ಳುವ ಬಲವೆಲ್ಲ ಹಾದುಹೋಗುವುದು ಹೆಬ್ಬೆರಳಿನ ಸಂದು ಕೂರುವ ಈ ಜಾಗದಿಂದ. ಇಲ್ಲಿ ಅರ್ಧದುಂಡು ಅರದ ಉಬ್ಬಿದ ಬದಿಯನ್ನು ಬಳಸಿ, ಅಡ್ಡಕ್ಕೆ ಉಜ್ಜದೆ ತಿರುವಿನ ಜೊತೆಗೇ ಜಾರಿಸುತ್ತಾ ಹೋಗಿ. ಕಣ್ಣು ಮುಚ್ಚಿ ಕೈ ಇಟ್ಟು ನೋಡಿ. ಚರ್ಮಕ್ಕೆ ಒಂದೇ ಒಂದು ಗೆರೆಯೂ ಸಿಗಬಾರದು. ಕಣ್ಣಿಗೆ ಚೆನ್ನಾಗಿ ಕಂಡದ್ದು ಕೈಗೆ ಚೆನ್ನಾಗಿರಬೇಕೆಂದಿಲ್ಲ, ಇಲ್ಲಿ ಕೈ ಹೇಳಿದ್ದನ್ನೇ ಕೇಳಿ. ಕೊಂಬಿನ ತುದಿಯನ್ನು ಮಾತ್ರ ಜಾಸ್ತಿ ತೆಳು ಮಾಡಬೇಡಿ. ಕೀಸುಳಿ ಎತ್ತುವಾಗ ಅದು ಕೈ ಮೇಲೆ ಕೂತು ಭಾರ ಹೊರುತ್ತದೆ.

ಕಿರುಬೆರಳು ಬುಡಕ್ಕೆ ತಾಗುತ್ತಿದ್ದರೆ ಹಿಡಿಯ ಮುಂಭಾಗದ ಬುಡದ ತಿರುವನ್ನು ಒಂದೆರಡು ಮಿಲಿಮೀಟರ್ ಆಳ ಮಾಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಹಿಡಿಯನ್ನೇ ಎತ್ತರಿಸಬೇಕು. ಬುಡದ ಆಕಾರಕ್ಕೇ 5 ಮಿಲಿಮೀಟರ್ ದಪ್ಪದ ಗಟ್ಟಿಮರದ ತುಂಡು ಕತ್ತರಿಸಿ ಕೆಳಗೆ ಕೊಡಿ. ಉದ್ದನೆಯ ಸರಳು ಸಿಗುವುದಿಲ್ಲವಲ್ಲ ಅಂದರೆ, ಮೇಲೆ ನಟ್ಟು ಕೂರುವ ಗುಳಿಯನ್ನು ಅಷ್ಟೇ 5 ಮಿಲಿಮೀಟರ್ ಆಳ ಮಾಡಿ. ಹಳೆಯ ಸರಳೇ ಸಾಕಾಗುತ್ತದೆ, ಕಬ್ಬಿಣ ಮುಟ್ಟುವ ಮಾತೇ ಇಲ್ಲ.

ಅರದ ಕೆಲಸ ಮುಗಿದ ಮೇಲೆ 80, 120, 180, 240 ಹೀಗೆ ಪೇಪರ್ ಹಚ್ಚುತ್ತಾ ಬನ್ನಿ. ಪೇಪರನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಬೂಟಿಗೆ ಪಾಲಿಶ್ ಹಾಕುವ ಹಾಗೆ ಎರಡೂ ಕೈಯಲ್ಲಿ ಎಳೆದರೆ ತಿರುವುಗಳು ಚೆನ್ನಾಗಿ ಬರುತ್ತವೆ. 320ಕ್ಕಿಂತ ಮುಂದೆ ಹೋಗಬೇಡಿ. ಗಾಜಿನಷ್ಟು ನುಣುಪಾದ ಹಿಡಿ ಬೆವರು ಕೈಯಲ್ಲಿ ಜಾರುತ್ತದೆ. ನಡುನಡುವೆ ಹಿಡಿಯನ್ನು ಕೂರಿಸಿ, ನಿಜವಾಗಿ ಕೀಸಿ, ಮತ್ತೆ ಸುಣ್ಣ ಉಜ್ಜಿ ನೋಡುತ್ತಿರಿ.

ಬೀಟೆ ಜಾತಿಯ ಮರದ ಧೂಳು ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮಾಸ್ಕ್ ಹಾಕಿಕೊಳ್ಳಿ, ಬಾಗಿಲು ತೆರೆದಿಡಿ.

ಹೊಸ ಹಿಡಿ ಮಾಡುವುದಾದರೆ

1 ಇಂಚು ದಪ್ಪದ ಚೆನ್ನಾಗಿ ಒಣಗಿದ ಗಟ್ಟಿಮರ ಬೇಕು. ಜಾಲಿ, ಬಾಗೆ, ಹೊನ್ನೆ ಚೆನ್ನಾಗಿರುತ್ತವೆ. ಬೀಟೆ ಎಲ್ಲಕ್ಕಿಂತ ಚಂದ, ಆದರೆ ಅದರ ಕಡಿತಕ್ಕೂ ಸಾಗಣೆಗೂ ಕಟ್ಟುಪಾಡುಗಳಿವೆ. ಒಡೆದ ಹಳೆಯ ಕುರ್ಚಿ, ಮಂಚದ ಕಾಲು ಸಿಕ್ಕರೆ ಅದರಲ್ಲೇ ಒಂದು ಹಿಡಿ ಹೊರಡುತ್ತದೆ. ತೇಗ ಸುಲಭವಾಗಿ ಸಿಗುತ್ತದೆ, ಆದರೆ ಕೊಂಬಿನ ತುದಿ ಬೇಗ ಚಕ್ಕೆ ಏಳುತ್ತದೆ.

ಹಳೆಯ ಹಿಡಿಯನ್ನು ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಎಳೆ ತಳಕ್ಕೆ ಸಮಾನಾಂತರವಾಗಿ, ಹಿಂದಿನಿಂದ ಮುಂದಕ್ಕೆ ಓಡಬೇಕು. ನೆಟ್ಟಗೆ ಮೇಲಕ್ಕೆ ಓಡುವ ಎಳೆಯಲ್ಲಿ ಮಾಡಿದರೆ ಕೊಂಬು ಮೊದಲ ವಾರವೇ ಕೈಗೆ ಬರುತ್ತದೆ.

ಕತ್ತರಿಸುವ ಮುಂಚೆಯೇ ಸರಳಿನ ತೂತು ಕೊರೆಯಿರಿ. ಹಲಗೆ ಚೌಕವಾಗಿದ್ದಾಗ ಬೈರಿಗೆ ನೇರ ಹೋಗುತ್ತದೆ, ಆಕಾರ ಕೊಟ್ಟ ಮೇಲೆ ಹಿಡಿಯಲು ಜಾಗವೇ ಇರುವುದಿಲ್ಲ. ಸರಳು ಸ್ವಲ್ಪ ಮುಂದಕ್ಕೆ ವಾಲಿಕೊಂಡು ಕೂರುತ್ತದೆ. ಆ ಓರೆಯನ್ನು ಹಳೆಯ ಹಿಡಿಯಿಂದಲೇ ಗುರುತು ಮಾಡಿಕೊಂಡು, ಓರೆಗೆ ಲಂಬವಾಗಿ ಹಲಗೆಯ ಎರಡು ತುದಿ ಕತ್ತರಿಸಿ, ಎರಡೂ ಕಡೆಯಿಂದ ಅರ್ಧರ್ಧ ಕೊರೆದು ನಡುವೆ ಕೂಡಿಸಿ. ಮೇಲಿನ ನಟ್ಟಿನ ಅಗಲವಾದ ಗುಳಿಯನ್ನು ಮೊದಲು ಕೊರೆಯಿರಿ, ಆಮೇಲೆ ಸಣ್ಣ ತೂತು. ತಿರುಗುಮುರುಗು ಮಾಡಿದರೆ ದೊಡ್ಡ ಬಿಟ್ಟಿಗೆ ನಡು ಸಿಗುವುದಿಲ್ಲ. ಉಳಿದದ್ದು ಸಣ್ಣ ಗರಗಸ, ಅರ, ಮೇಲೆ ಹೇಳಿದ ಕ್ರಮ.

ಮುಂದಿನ ಗುಬುಟು

ಹಳೆಯ ಸ್ಟ್ಯಾನ್ಲಿಗಳ ಗುಬುಟು ಗಿಡ್ಡವಾಗಿ, ಚಪ್ಪಟೆಯಾಗಿ ಇರುತ್ತಿತ್ತು. ಸುಮಾರು 1920ರಿಂದ ಎತ್ತರದ ಗುಬುಟು ಬಂತು. ನನಗೆ ಗಿಡ್ಡದ್ದೇ ಇಷ್ಟ. ಅಂಗೈ ತಳಕ್ಕೆ ಹತ್ತಿರ ಇರುತ್ತದೆ, ಕೀಸುಳಿ ತೂಗಾಡುವುದಿಲ್ಲ. ಅಂಗೈ ದೊಡ್ಡದಿದ್ದವರಿಗೆ ಎತ್ತರದ್ದು ಒಗ್ಗುತ್ತದೆ. ಎರಡರಲ್ಲೂ ತೊಂದರೆ ಕೊಡುವುದು ನೆತ್ತಿಯ ಹಿತ್ತಾಳೆ ತಿರುಪು. ಅದು ಮರದ ಮಟ್ಟಕ್ಕಿಂತ ಮೇಲಿದ್ದರೆ ಅಂಗೈ ನಡುವೆ ಚುಚ್ಚುತ್ತದೆ. ತಿರುಪು ಕೂರುವ ಗುಳಿಯನ್ನು 1 ಮಿಲಿಮೀಟರ್ ಇಳಿಸಿ, ತಿರುಪಿನ ಸೀಳಿನ ಅಂಚನ್ನು ನುಣುಪು ಮಾಡಿ.

ಎತ್ತರದ ಗುಬುಟಿನ ಬುಡ ಒಡೆಯುವುದು ಜಾಸ್ತಿ. ಸುಮಾರು 1930ರಿಂದ ಮೈಯಲ್ಲೇ ಒಂದು ಎತ್ತರಿಸಿದ ಬಳೆ ಎರಕ ಹೊಯ್ದು ಅದರೊಳಗೆ ಗುಬುಟು ಕೂರುವಂತೆ ಮಾಡಿದ್ದು ಇದನ್ನು ತಡೆಯಲಿಕ್ಕೆ. ಹೊಸದು ಬೇಕಾದರೆ ಚರಕಿ (ಮರ ತಿರುವುವ ಯಂತ್ರ) ಹಿಡಿಯುವ ಯಾರೇ ಆಗಲಿ ಸುಲಭವಾಗಿ ತಿರುವಿ ಕೊಡುತ್ತಾರೆ. ಚನ್ನಪಟ್ಟಣದ ಕಡೆಯವರಿಗಂತೂ ಇದು ದಿನನಿತ್ಯದ ಕೆಲಸ. ಆದರೆ ಬೊಂಬೆಗೆ ಬಳಸುವ ಹಾಲೆ ಮರ ಇದಕ್ಕೆ ಮೆದುವಾಯಿತು, ಗಟ್ಟಿಮರದ ತುಂಡು ನೀವೇ ಕೊಡಿ. ಅರಗಿನ ಹೊಳಪೂ ಬೇಡ ಅನ್ನಿ. ಬೊಂಬೆಗೆ ಅದು ಶೋಭೆ, ಬೆವರುವ ಕೈಗೆ ಅಲ್ಲ.

ಎಣ್ಣೆ, ಮೇಣ

ಹೊಳೆಯುವ ವಾರ್ನಿಶ್, ಲ್ಯಾಕರ್ ಯಾವುದೂ ಬೇಡ. ಅದು ಚರ್ಮಕ್ಕೆ ಅಂಟಿಕೊಂಡು ಎಳೆಯುತ್ತದೆ, ಬೊಬ್ಬೆ ಬರಿಸುತ್ತದೆ. ಬಾಯ್ಲ್ಡ್ ಲಿನ್ಸೀಡ್ ಎಣ್ಣೆಯನ್ನು ಬಟ್ಟೆಯಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ. ಮರುದಿನ ಮತ್ತೆ. ಮೂರು ಸಲ ಆದ ಮೇಲೆ ಸ್ವಲ್ಪ ಜೇನುಮೇಣ ಹಚ್ಚಿ ಉಜ್ಜಿ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಮರದ ಕೀಸುಳಿ ಇದ್ದವರಿಗೆ

ನಮ್ಮ ಆಚಾರಿಗಳು ಅಲಗು ಮಾತ್ರ ಪೇಟೆಯಿಂದ ತಂದು ಮೈಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಅಂಥ ಕೀಸುಳಿ ಮೊದಲೇ ಒಬ್ಬರ ಕೈಗೆ ಒಗ್ಗಿರುತ್ತದೆ. ಅವರ ಕೈ ನಿಮ್ಮದಕ್ಕಿಂತ ಬೇರೆ ಇದ್ದರೆ ಹಿಂಬದಿಯ ಮೇಲಂಚನ್ನು ಧಾರಾಳವಾಗಿ ಉರುಟು ಮಾಡಿ. ಹಿಡಿಯಿಲ್ಲದ ಗಿಡ್ಡ ಕೀಸುಳಿಯಲ್ಲಿ ಹೆಬ್ಬೆರಳಿನ ಸಂದು ಕೂರುವುದು ಅಲ್ಲೇ. ಉದ್ದ ಕೀಸುಳಿಯ ಹಿಡಿ ತೀರಾ ಎತ್ತರ ಅನಿಸಿದರೆ ಯುರೋಪಿನ ಬಡಗಿಗಳು ಹಡಗುಕಟ್ಟೆಗಳಲ್ಲಿ ಬಳಸುತ್ತಿದ್ದ ಒಂದು ಉಪಾಯ ಇದೆ. ಮೈಯ ಹಿಂದಿನ ಅರ್ಧವನ್ನು ಒಂದಿಂಚಿನಷ್ಟು ಕೆಳಕ್ಕೆ ಕತ್ತರಿಸಿ ಅಲ್ಲಿ ಹಿಡಿ ಕೂರಿಸುವುದು. ತೂಕವೂ ಇಳಿಯುತ್ತದೆ, ತಳ್ಳುವ ಬಲ ಅಲಗಿನ ಬಾಯಿಗೆ ಹತ್ತಿರವೂ ಆಗುತ್ತದೆ. ಅಲಗಿನ ಸುತ್ತಲಿನ ಜಾಗಕ್ಕೆ ಮಾತ್ರ ಗರಗಸ ತಾಗಬಾರದು.

ಕೈಮಣಿಕಟ್ಟು ಮತ್ತು ಮೇಜಿನ ಎತ್ತರ

ಬೈಲಿ ಮಾದರಿಯ ಹಿಡಿ ಮುಂದಕ್ಕೆ ವಾಲಿರುವುದು ನಿಂತು ತಳ್ಳುವವರಿಗಾಗಿ. ಮೊಣಕೈಯಿಂದ ಅಂಗೈವರೆಗೆ ಒಂದೇ ಗೆರೆ ಬಂದು, ಆ ಗೆರೆ ಓರೆಯಾಗಿ ಅಲಗಿನ ಬಾಯಿಯ ಕಡೆ ಇಳಿಯಬೇಕು. ಮೇಜು ಎತ್ತರವಾದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ನೇರ ನಿಂತು ಕೈ ಇಳಿಬಿಟ್ಟರೆ ಅಂಗೈಯನ್ನು ಮಡಚಿ ಮೇಜಿನ ಮೇಲೆ ಚಪ್ಪಟೆಯಾಗಿ ಇಡುವಷ್ಟು ಎತ್ತರ ಹೆಚ್ಚಿನವರಿಗೆ ಸರಿ. ಅಡುಗೆಮನೆಯ ಕಟ್ಟೆಯ ಎತ್ತರ ಕೀಸಲು ಜಾಸ್ತಿಯಾಯಿತು. ಮೇಜು ಇಳಿಸಲಾಗದಿದ್ದರೆ ಕಾಲ ಕೆಳಗೆ ಹಲಗೆ ಹಾಕಿ ನಿಲ್ಲಿ.

ನೆಲದ ಮೇಲೆ ಕೂತು ಕೀಸುವ ರೂಢಿಯವರಿಗೆ ಲೆಕ್ಕ ಬೇರೆ. ಕೂತಾಗ ಭುಜ ಹಲಗೆಗೆ ಹತ್ತಿರ ಬರುತ್ತದೆ, ತಳ್ಳು ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತದೆ. ಆಗ ವಾಲಿದ ಹಿಡಿಗಿಂತ ನೆಟ್ಟಗಿನ ಹಿಡಿ ಹಿತ. ಬುಡಕ್ಕೆ ಕೊಡುವ ಮರದ ತುಂಡನ್ನು ಒಂದೇ ದಪ್ಪಕ್ಕೆ ಮಾಡುವ ಬದಲು ಮುಂದೆ 5, ಹಿಂದೆ 2 ಮಿಲಿಮೀಟರ್ ಇರುವಂತೆ ಓರೆ ಕೊಟ್ಟರೆ ಹಿಡಿ ಅಷ್ಟು ಹಿಂದಕ್ಕೆ ನೆಟ್ಟಗಾಗುತ್ತದೆ. ಸರಳು ಬಾಗಬಾರದು, ಅದಕ್ಕೆ ತೂತನ್ನು ಕೆಳಗಡೆ ಅರದಿಂದ ಸ್ವಲ್ಪ ಉದ್ದ ಮಾಡಿ. ಇದಕ್ಕಿಂತ ಜಾಸ್ತಿ ಓರೆ ಬೇಕಾದರೆ ಹೊಸ ಹಿಡಿಯನ್ನೇ ಆ ಕೋನಕ್ಕೆ ಕೊರೆದು ಮಾಡಿ.

ಮಳೆಗಾಲದಲ್ಲಿ ಮಾಡಿದ ಹಿಡಿ ಮಾರ್ಚ್ ಏಪ್ರಿಲ್ ಹೊತ್ತಿಗೆ ಕುಗ್ಗಿ ಮತ್ತೆ ಸಡಿಲಾಗುತ್ತದೆ. ಆಗ ನಟ್ಟನ್ನು ಒಂದು ಸಲ ಬಿಗಿದು, ಕೈ ಜಾಸ್ತಿ ಮುಟ್ಟುವ ಜಾಗಕ್ಕೆ ಇನ್ನೊಂದು ಕೈ ಎಣ್ಣೆ ಹಚ್ಚಿಬಿಡಿ.